ನಿಸೀಯಾದಿಂದ ಬ್ರಹ್ಮಾವರದವರೆಗೆ: ಸಿದ್ಧಾಂತಕ್ಕೆ ಸಿಂಹಾಸನ ತೀರ್ಪುಗಾರನಾದಾಗ

ಕ್ರಿ.ಶ. 325ರಲ್ಲಿ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ನಿಸೀಯಾ ನಗರದಲ್ಲಿ ಬಿಷಪ್‌ಗಳನ್ನು ಸೇರಿಸಿ, ಮತ ಹಾಕಿಸಿ ತ್ರಿತ್ವವನ್ನು ಹುಟ್ಟಿಸಿದನು, ಬೈಬಲಿನಲ್ಲಿ ಯಾವ ಗ್ರಂಥಗಳಿರಬೇಕೆಂಬುದನ್ನೂ ಅಲ್ಲಿಯೇ ಆರಿಸಲಾಯಿತು ಎಂಬ ಮಾತು ನಮ್ಮ ಬಯಾನ್‌ಗಳಲ್ಲಿ ಬಹಳ ಕಾಲದಿಂದ ಕೇಳಿಬರುತ್ತಿದೆ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ, ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಕ್ರೈಸ್ತ ಗೆಳೆಯರೊಡನೆ ದುಡಿಯುವ ನಮ್ಮ ಯುವಕರು ಅದನ್ನೇ ಅವರ ಮುಂದಿಡುತ್ತಾರೆ. ಹಝ್ರತ್ ಈಸಾ(ಅ) ಅಲ್ಲಾಹನ ದಾಸರೂ ಪ್ರವಾದಿಯೂ ಎಂಬ ನಮ್ಮ ವಿಶ್ವಾಸಕ್ಕೆ ಇಂತಹ ಕಥೆಯ ಊರುಗೋಲು ಬೇಕಾಗಿಲ್ಲ. ಒಂದು ಜನಾಂಗದೊಂದಿಗಿನ ಭಿನ್ನಾಭಿಪ್ರಾಯವು ನಮ್ಮನ್ನು ನ್ಯಾಯದಿಂದ ಕದಲಿಸಬಾರದೆಂಬುದು ಸೂರಃ ಅಲ್ ಮಾಇದಃದ ಆದೇಶ. ಇತಿಹಾಸವನ್ನು ಹೇಳುವಾಗಲೂ ಆ ಆದೇಶ ಅನ್ವಯಿಸುತ್ತದೆ.

ನಿಸೀಯಾದಲ್ಲಿ ಬೈಬಲಿನ ಗ್ರಂಥಗಳ ಆಯ್ಕೆ ನಡೆಯಲಿಲ್ಲ. ಅಲ್ಲಿದ್ದ ಮುಖ್ಯ ಪ್ರಶ್ನೆ ಬೇರೆ. ಅಲೆಕ್ಸಾಂಡ್ರಿಯದ ಪಾದ್ರಿ ಅರಿಯಸ್, ದೇವಪುತ್ರನೆಂದು ಕ್ರೈಸ್ತರು ಕರೆಯುವವನು ತಂದೆಯಿಂದ ಸೃಷ್ಟಿಯಾದವನು, ಅವನಿಗೆ ಆರಂಭವಿದೆ ಎಂದು ಬೋಧಿಸಿದ್ದನು. ಪುತ್ರನು ತಂದೆಯ ಸಾರವನ್ನೇ ಹೊಂದಿದ್ದಾನೆ ಎಂದು ಸಭೆ ಘೋಷಿಸಿತು. ಸಹಿ ಹಾಕದೆ ಅರಿಯಸನ ಜೊತೆ ನಿಂತ ಬಿಷಪ್‌ಗಳು ಕೊನೆಗೆ ಇಬ್ಬರೇ. ಪವಿತ್ರಾತ್ಮದ ಕುರಿತ ನಿರ್ಣಯವು ಬಂದದ್ದು 381ರ ಕಾನ್‌ಸ್ಟಾಂಟಿನೋಪಲ್ ಸಭೆಯಲ್ಲಿ. ಅರಿಯಸನನ್ನು ನಮ್ಮವನೆಂಬಂತೆ ಹೊಗಳುವುದೂ ಸರಿಯಲ್ಲ. ಪುತ್ರನು ಲೋಕಗಳಿಗಿಂತ ಮೊದಲೇ ಇದ್ದವನು, ಲೋಕವು ಅವನ ಮೂಲಕವೇ ಉಂಟಾಯಿತು ಎಂದು ಅವನೂ ನಂಬಿದ್ದನು. ಅದು ತೌಹೀದ್ ಅಲ್ಲ.

ಸಿದ್ಧಾಂತವನ್ನು ಕಾನ್‌ಸ್ಟಂಟೈನ್ ಸೃಷ್ಟಿಸಲಿಲ್ಲ ನಿಜ. ಆದರೆ ಸಭೆಯ ನಿರ್ಣಯಕ್ಕೆ ಒಪ್ಪದವರಿಗೆ ಗಡಿಪಾರಿನ ಶಿಕ್ಷೆಯನ್ನು ಕೊಟ್ಟವನು ಅವನೇ. ಅಲ್ಲಿಂದ ಆರಂಭವಾದ ಆಟ ವಿಚಿತ್ರವಾದುದು. ಕೆಲವೇ ವರ್ಷಗಳಲ್ಲಿ ಅರಿಯಸನನ್ನು ಮರಳಿ ಕರೆಸಲಾಯಿತು. 335ರಲ್ಲಿ ನಿಸೀಯಾದ ಪಕ್ಷದ ದೊಡ್ಡ ಸಮರ್ಥಕನಾದ ಅಥನೇಸಿಯಸನೇ ಗಡಿಪಾರಾದನು. ಮರಣಶಯ್ಯೆಯಲ್ಲಿದ್ದ ಕಾನ್‌ಸ್ಟಂಟೈನನಿಗೆ 337ರಲ್ಲಿ ದೀಕ್ಷಾಸ್ನಾನ ಮಾಡಿಸಿದವನು ಹಿಂದೊಮ್ಮೆ ಅರಿಯಸನ ಪರ ನಿಂತಿದ್ದ ಬಿಷಪನೇ! ಮಗ ಕಾನ್‌ಸ್ಟಾಂಟಿಯಸನ ಕಾಲದಲ್ಲಿ ಸಿಂಹಾಸನ ಅರಿಯಸನ ಕಡೆಗೆ ವಾಲಿತು. ಥಿಯೋಡೋಸಿಯಸನ ಕಾಲದಲ್ಲಿ ಮತ್ತೆ ನಿಸೀಯಾದ ಕಡೆಗೆ. ಅಥನೇಸಿಯಸನು ಒಟ್ಟು ಐದು ಬಾರಿ ಊರು ಬಿಡಬೇಕಾಯಿತು. ಅವನ ಮಾತು ಬದಲಾಗಿರಲಿಲ್ಲ, ಚಕ್ರವರ್ತಿಗಳು ಬದಲಾಗುತ್ತಿದ್ದರು.

451ರಲ್ಲಿ ಕ್ಯಾಲ್ಸಿಡನ್ ಸಭೆ ಮತ್ತೊಂದು ಬಿರುಕನ್ನು ತೆರೆಯಿತು. ಯೇಸುವಿನಲ್ಲಿ ದೈವಿಕ ಮತ್ತು ಮಾನುಷ ಎಂಬ ಎರಡು ಸ್ವಭಾವಗಳಿವೆ ಎಂದ ಆ ಸಭೆಯ ತೀರ್ಮಾನವನ್ನು ಈಜಿಪ್ಟಿನವರೂ ಸಿರಿಯಾದ ಬಹುಭಾಗದವರೂ ಒಪ್ಪಲಿಲ್ಲ. ಅಬಿಸೀನಿಯಾದ ಧರ್ಮಸಭೆ ಅಲೆಕ್ಸಾಂಡ್ರಿಯದ ಪಿತಾಮಹರ ಅಧೀನದಲ್ಲಿದ್ದುದರಿಂದ ಅದೂ ಅದೇ ಕಡೆ ನಿಂತಿತು. ಮಕ್ಕಾದ ಹಿಂಸೆಯಿಂದ ಪಾರಾಗಲು ಪ್ರವಾದಿ(ಸ)ರವರು ತಮ್ಮ ಸಹಾಬಿಗಳನ್ನು ಕಳುಹಿಸಿದ್ದು ಆ ನಾಡಿಗೇ, ಅಲ್ಲಿನ ನ್ಯಾಯವಂತ ದೊರೆ ನಜ್ಜಾಶಿಯ ಬಳಿಗೆ. ರೋಮಿನ ಚಕ್ರವರ್ತಿಗಳ ಕಣ್ಣಿನಲ್ಲಿ ಆ ನಾಡಿನ ಕ್ರೈಸ್ತರು ದಾರಿ ತಪ್ಪಿದವರು ಎಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳಿದಾಗ ಅವರು ಅಚ್ಚರಿಪಡುತ್ತಾರೆ. ಈಜಿಪ್ಟಿನಲ್ಲಂತೂ ಚಕ್ರವರ್ತಿ ಹಿರಾಕ್ಲಿಯಸನ ಕಾಲದಲ್ಲಿ ಕಾಪ್ಟಿಕ್ ಪಿತಾಮಹ ಬೆಂಜಮಿನ್ ಸುಮಾರು ಹತ್ತು ವರ್ಷ ತಲೆಮರೆಸಿಕೊಂಡಿದ್ದರು. ಅವರಿಗೆ ಅಭಯಪತ್ರ ಕೊಟ್ಟು ಮರಳಿ ಕರೆಸಿದವರು ಅಮ್ರ್ ಬಿನ್ ಆಸ್(ರ). ಕ್ರೈಸ್ತ ಪಿತಾಮಹರು ಕ್ರೈಸ್ತ ಚಕ್ರವರ್ತಿಗೆ ಅಂಜಿ ಅಡಗಿದ್ದರೆಂಬುದನ್ನು ಗಮನಿಸಬೇಕು.

ಇದೆಲ್ಲ ದೂರದ ದೇಶಗಳ ಹಳೆಯ ಕಥೆಯೆಂದು ತಿಳಿಯಬೇಕಾಗಿಲ್ಲ. ಕ್ಯಾಲ್ಸಿಡನ್ನಿನ ಬಿರುಕು ನಮ್ಮ ಉಡುಪಿ ಜಿಲ್ಲೆಯ ಬ್ರಹ್ಮಾವರದವರೆಗೂ ಬಂದಿದೆ. ಅಲ್ಲಿನ ಕೊಂಕಣಿ ಮಾತನಾಡುವ ಕ್ರೈಸ್ತರಲ್ಲಿ ಒಂದು ಸಮುದಾಯ ಕೆಥೋಲಿಕರದಲ್ಲ. 451ರ ಸಭೆಯನ್ನು ಒಪ್ಪದ ಸಿರಿಯನ್ ಆರ್ಥೊಡಾಕ್ಸ್ ಪರಂಪರೆಗೆ ಸೇರಿದ್ದು. ಅವರ ಹಿರಿಯರು ಯೇಸುವಿನ ಸ್ವಭಾವಗಳ ಬಗ್ಗೆ ವಾದಿಸಿ ಅಲ್ಲಿಗೆ ಹೋದವರಲ್ಲ. ಭಾರತದ ಇಗರ್ಜಿಗಳ ಮೇಲೆ ಪೋರ್ಚುಗಲ್ಲಿನ ಅರಸನಿಗಿದ್ದ ‘ಪದ್ರವಾದೊ’ ಹಕ್ಕು ಹಾಗೂ ರೋಮಿನ ನೇರ ಆಡಳಿತ, ಇವುಗಳ ನಡುವೆ ದೀರ್ಘ ಕಾಲದ ಜಗಳವಿತ್ತು. 1886ರಲ್ಲಿ ಪೋಪರೂ ಪೋರ್ಚುಗಲ್ಲೂ ಒಪ್ಪಂದ ಮಾಡಿಕೊಂಡು ಕ್ಷೇತ್ರಗಳನ್ನು ಹಂಚಿದರು. ಜನರನ್ನು ಯಾರೂ ಕೇಳಲಿಲ್ಲ. ಇದನ್ನು ಪ್ರತಿಭಟಿಸಿದ ಗೋವಾದ ಪಾದ್ರಿ ಆಲ್ವಾರಿಸ್ 1889ರಲ್ಲಿ ಕೇರಳದ ಕೊಟ್ಟಾಯಂಗೆ ಹೋಗಿ, ಮಲಂಕರ ಸಿರಿಯನ್ ಬಿಷಪ್‌ಗಳಿಂದ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಅಭಿಷಿಕ್ತರಾದರು. ಬ್ರಹ್ಮಾವರದಲ್ಲಿ ಅವರ ಜೊತೆ ನಿಂತು ಆ ಸಮುದಾಯವನ್ನು ಕಟ್ಟಿದವರು ಪಾದ್ರಿ ನೊರೊನ್ಹಾ. ಜಗಳ ಅಧಿಕಾರದ್ದು, ಸೇರಿದ ಮನೆ ಮಾತ್ರ ಸಾವಿರದ ನಾನೂರು ವರ್ಷಗಳ ಹಿಂದೆ ಸಿದ್ಧಾಂತದ ಕಾರಣಕ್ಕೆ ಬೇರೆಯಾದ ಮನೆ. ಮೇಲಿನವರ ರಾಜಿಗಳು ಕೆಳಗಿನ ಕುಟುಂಬಗಳ ಮದುವೆ, ಮಣ್ಣು, ನೆಂಟಸ್ತಿಕೆಗಳನ್ನು ಹೇಗೆ ಸೀಳುತ್ತವೆಂಬುದನ್ನು ತಿಳಿಯಲು ನಿಸೀಯಾಕ್ಕಿಂತ ಬ್ರಹ್ಮಾವರ ನಮಗೆ ಹತ್ತಿರ.

ಇಷ್ಟನ್ನು ಹೇಳಿ ನಮ್ಮ ಮನೆಯ ಕಡೆ ನೋಡದಿದ್ದರೆ ಅದು ನ್ಯಾಯವಲ್ಲ. ಹಿಜರಿ 218ರಲ್ಲಿ, ಅಂದರೆ 833ರಲ್ಲಿ, ಖಲೀಫ ಮಾಮೂನ್ ಬಗ್ದಾದಿನ ಅಧಿಕಾರಿಗೆ ಪತ್ರ ಬರೆದು, ಕುರ್‌ಆನ್ ಸೃಷ್ಟಿಯಾದುದೆಂದು ಒಪ್ಪುವರೇ ಎಂದು ಕಾಝಿಗಳನ್ನೂ ವಿದ್ವಾಂಸರನ್ನೂ ಪರೀಕ್ಷಿಸಲು ಆಜ್ಞಾಪಿಸಿದನು. ಬಹುಮಂದಿ ಒಪ್ಪಿಕೊಂಡರು. ಒಪ್ಪದ ಇಮಾಮ್ ಅಹ್ಮದ್ ಬಿನ್ ಹಂಬಲ್(ರ) ಸೆರೆಮನೆಗೆ ಹೋದರು. ಮುಂದಿನ ಖಲೀಫ ಮುಅ್‌ತಸಿಮನ ಕಾಲದಲ್ಲಿ ಚಾಟಿಯೇಟು ತಿಂದರು. ಮುತವಕ್ಕಿಲ್ ಬಂದ ಮೇಲೆ ಸರಕಾರದ ಅಭಿಪ್ರಾಯವೇ ತಿರುಗಿತು. ಅಥನೇಸಿಯಸನ ಕಥೆಗೂ ಇದಕ್ಕೂ ಎಷ್ಟು ವ್ಯತ್ಯಾಸವಿದೆ? ಇನ್ನು ನಮ್ಮ ವಿಜಯಪುರ. ಯೂಸುಫ್ ಆದಿಲ್ ಶಾಹ್ ಶಿಯಾ ಖುತ್ಬಾ ಓದಿಸಿದನು, 1534ರಲ್ಲಿ ಒಂದನೆಯ ಇಬ್ರಾಹೀಮ್ ಸುನ್ನೀ ಪದ್ಧತಿಗೆ ಮರಳಿಸಿದನು, 1558ರಲ್ಲಿ ಅವನ ಮಗ ಅಲಿ ಮತ್ತೆ ಶಿಯಾ ಪದ್ಧತಿಯನ್ನು ತಂದನು. ಇಬ್ರಾಹೀಮನ ಕಾಲದಲ್ಲಿ ಪಂಥದ ಜೊತೆಗೆ ಆಸ್ಥಾನದ ಉದ್ಯೋಗಗಳೂ ಇರಾನಿನಿಂದ ಬಂದ ಅಮೀರರ ಕೈಯಿಂದ ದಖನಿಗಳ ಕೈಗೆ ಹೋದವು. ಮಿಂಬರಿನ ಮೇಲಿನ ಮಾತಿಗೂ ಖಜಾನೆಯ ಸಂಬಳಕ್ಕೂ ಅಷ್ಟು ಹತ್ತಿರದ ಸಂಬಂಧವಿತ್ತು.

ಆದ್ದರಿಂದ ನಮ್ಮ ಜಿಲ್ಲೆಯ ಮದ್ರಸಾಗಳ ಮೇಲಿನ ತರಗತಿಗಳಲ್ಲಿ ನಿಸೀಯಾ ಮತ್ತು ಮಾಮೂನನ ಪರೀಕ್ಷೆ, ಎರಡನ್ನೂ ಒಂದೇ ವಾರದಲ್ಲಿ ಅಕ್ಕಪಕ್ಕ ಇಟ್ಟು ಪಾಠ ಮಾಡಬೇಕೆಂಬುದು ನಮ್ಮ ಅಭಿಪ್ರಾಯ. ‘ಅವರ ಸಭೆಯಲ್ಲಿ ಅರಸನ ಕೈವಾಡವಿತ್ತು’ ಎಂಬ ವಾಕ್ಯವನ್ನಷ್ಟೇ ಕಲಿತ ಹುಡುಗನು ಕ್ರೈಸ್ತ ಗೆಳೆಯನೊಡನೆ ಜಗಳವಾಡಬಲ್ಲನು, ಅಷ್ಟೇ. ಎರಡನ್ನೂ ಓದಿದವನು ಬೇರೆ ಪ್ರಶ್ನೆಗಳನ್ನು ಕೇಳುತ್ತಾನೆ. ನಿಸೀಯಾದಲ್ಲಿ ಒಳಗೊಳಗೇ ಸಂಶಯವಿದ್ದ ಬಿಷಪ್‌ಗಳೂ ಏಕೆ ಸಹಿ ಹಾಕಿದರು? ಬಗ್ದಾದಿನ ಕಾಝಿಗಳು ಏಕೆ ತಲೆಯಾಡಿಸಿದರು? ಇಂದು ಆಡಳಿತದಲ್ಲಿರುವವರು ನಮ್ಮ ಮಸೀದಿ ಸಮಿತಿಯ ವೇದಿಕೆಗೆ ಬಂದು ಕುಳಿತಾಗ, ಅಂದಿನ ಖುತ್ಬಾದ ವಿಷಯವನ್ನು ಆರಿಸುವವರು ಯಾರು?