ಹೆಣ್ಣುಹುಡುಗಿಗ್ಯಾಕೆ ಅಗಲದ ಪರದೆ?

ನಮ್ಮ ಮನೆಗಳಲ್ಲಿ ಗಂಡುಮಕ್ಕಳು ಏನಾದರೂ ಬೇಕೆಂದರೆ "ಎಷ್ಟಾಗುತ್ತೆ?" ಎಂದು ಕೇಳುತ್ತೇವೆ. ಹೆಣ್ಣುಮಕ್ಕಳು ಬೇಕೆಂದರೆ "ಯಾಕೆ?" ಎಂದು ಕೇಳುತ್ತೇವೆ. ಈ ಎರಡು ಪ್ರಶ್ನೆಗಳ ನಡುವೆ ಎಷ್ಟು ಅಂತರವಿದೆ ಎಂಬುದು ನನಗೆ ಐವತ್ತು ದಾಟಿದ ಮೇಲೆ, ಒಂದು ಕಂಪ್ಯೂಟರ್ ಮಾನಿಟರಿನ ದೆಸೆಯಿಂದ ತಿಳಿಯಿತು.

ಶಿಕಾರಿಪುರದ ನಮ್ಮ ಮನೆಯಲ್ಲಿ ಮಗಳು ಮದುವೆ ವಿಡಿಯೋಗಳನ್ನು ಜೋಡಿಸಿಕೊಡುವ ಕೆಲಸ ಮಾಡುತ್ತಾಳೆ. ರಾತ್ರಿ ಊಟವಾದ ಮೇಲೆ ಒಂದು ಗಂಟೆ ಕಾರ್ ರೇಸಿನ ಆಟ ಆಡುತ್ತಾಳೆ. 2025ರ ಶ್ರಾವಣದಲ್ಲಿ ಒಂದು ದಿನ, "ಅಮ್ಮ, ಅಲ್ಟ್ರಾವೈಡ್ ಗೇಮಿಂಗ್ ಮಾನಿಟರ್ ತಗೋಬೇಕು. ಅರ್ಧ ದುಡ್ಡು ನನ್ನ ಹತ್ತಿರ ಇದೆ, ಉಳಿದದ್ದು ನಿನ್ನ ಚೀಟಿ ದುಡ್ಡಲ್ಲಿ ಕೊಡ್ತೀಯಾ?" ಎಂದಳು. ನನ್ನ ಬಾಯಿಂದ ಬಂದ ಮೊದಲ ಮಾತು "ಯಾಕೆ?" ಎಂಬುದೇ. ಒಳಗಿನಿಂದ ನಮ್ಮತ್ತೆ, "ಆ ದುಡ್ಡಿಗೆ ಒಂದು ಜೊತೆ ಓಲೆ ಬರ್ತಿತ್ತು" ಎಂದರು. ಇವರು ಪತ್ರಿಕೆಯಿಂದ ತಲೆ ಎತ್ತದೆ, "ಹೆಣ್ಣುಹುಡುಗಿಗೆ ಎಂಥಾ ಆಟ?" ಎಂದರು.

ಆಗ ನಾನು ಜಾಣತನವೆಂದುಕೊಂಡು ಒಂದು ಮಾತು ಹೇಳಿದೆ. "ಆಟಕ್ಕಲ್ಲ, ಅವಳ ಕೆಲಸಕ್ಕೆ ಬೇಕಂತೆ." ಮಗಳು ನನ್ನನ್ನು ಅಡಿಗೆಮನೆಗೆ ಕರೆದುಕೊಂಡು ಹೋಗಿ ಕೇಳಿದಳು. "ಅಮ್ಮ, ಸುಳ್ಳು ಯಾಕೆ? ಕೆಲಸಕ್ಕೂ ಆಗುತ್ತೆ, ಆದರೆ ನಾನು ಕೇಳ್ತಿರೋದು ಆಟಕ್ಕೆ. ಸೊರಬದಲ್ಲಿ ಭಾವನಿಗೆ ತಂದಾಗ ಮಾವ ಯಾರಿಗಾದರೂ ನೆಪ ಹೇಳಿದ್ರಾ?"

ಇಲ್ಲ, ಹೇಳಿರಲಿಲ್ಲ. ಸೊರಬ ನನ್ನ ತವರು. ತಮ್ಮ ಅಡಿಕೆ ದುಡ್ಡು ಬಂದ ತಿಂಗಳೇ ಮಗನಿಗೆ 34 ಇಂಚಿನ ಮಾನಿಟರ್ ತರಿಸಿಕೊಟ್ಟಿದ್ದ. ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದ. ನಾನೂ ನೋಡಿ "ಚೆನ್ನಾಗಿದೆ" ಎಂದಿದ್ದೆ. ಯಾಕೆ ಎಂದು ಕೇಳಿರಲಿಲ್ಲ.

ಗೌರಿ ಹಬ್ಬಕ್ಕೆ ತವರಿಗೆ ಹೋದಾಗ ಮಗಳೂ ಬಂದಳು. ಬಾಗಿನ, ಊಟ ಎಲ್ಲ ಮುಗಿದ ಮೇಲೆ ಸೋದರಳಿಯ ಆಟ ತೆರೆದ. ಕಾರು ತಿರುವಿನಲ್ಲಿ ತಿರುಗಿದಾಗಲೆಲ್ಲ ಚಿತ್ರ ಅಡ್ಡಡ್ಡ ಹರಿದಂತೆ ಕಾಣುತ್ತಿತ್ತು. ಮರದ ಬುಡ ಒಂದು ಕಡೆ, ತಲೆ ಇನ್ನೊಂದು ಕಡೆ. "ಇದು ಗೇಮಿನದೇ ದೋಷ" ಎಂದ ಅವನು. ಮಗಳು ಸೆಟ್ಟಿಂಗ್ ತೆರೆದು ನೋಡಿದಳು. 144 ಹರ್ಟ್ಜ್‌ನ ಮಾನಿಟರ್ ಎಂಟು ತಿಂಗಳಿಂದ 60ರಲ್ಲೇ ಓಡುತ್ತಿತ್ತು. ಅಡಾಪ್ಟಿವ್ ಸಿಂಕ್ ಆನ್ ಮಾಡಿರಲೇ ಇಲ್ಲ. ಜೊತೆಗೆ ಬಂದ ಡಿಸ್‌ಪ್ಲೇಪೋರ್ಟ್ ಕೇಬಲ್ ಪ್ಲಾಸ್ಟಿಕ್ ಚೀಲ ಕೂಡ ಬಿಚ್ಚದೆ ಡಬ್ಬಿಯಲ್ಲಿತ್ತು. ಹತ್ತು ನಿಮಿಷದಲ್ಲಿ ಅವಳು ಎಲ್ಲ ಸರಿಮಾಡಿದಳು. ತಮ್ಮ, "ಅಕ್ಕ, ನಿನ್ನ ಮಗಳು ಭಾರೀ ಚುರುಕು ಮಾರಾಯ್ತಿ" ಎಂದ. ಆ ಚುರುಕಿನ ಹುಡುಗಿಗೆ ಮಾನಿಟರ್ ಬೇಕೆಂದಾಗ ಮಾತ್ರ ಓಲೆಯ ಲೆಕ್ಕ!

ಬಸ್ಸಿನಲ್ಲಿ ಶಿರಾಳಕೊಪ್ಪದ ಮೇಲೆ ವಾಪಸು ಬರುವಾಗ, "ಅದೇನು ಸಿಂಕು, ನನಗೂ ಹೇಳು" ಎಂದೆ. ದುಡ್ಡು ಕೊಡುವವಳು ತಿಳಿದುಕೊಂಡೇ ಕೊಡಬೇಕಲ್ಲ. ನಾನು ಅರ್ಥಮಾಡಿಕೊಂಡದ್ದನ್ನು ನಮ್ಮ ಅಡಿಗೆಮನೆಯ ಭಾಷೆಯಲ್ಲಿ ಹೇಳುತ್ತೇನೆ, ಕೇಳಿ.

ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಒಲೆಯ ಮುಂದೆ ದೋಸೆ ಹುಯ್ಯುವವಳು. ಮಾನಿಟರ್ ಬಡಿಸುವವಳು. 60 ಹರ್ಟ್ಜ್ ಎಂದರೆ ಬಡಿಸುವವಳು ಸೆಕೆಂಡಿಗೆ 60 ಸಲ, ತಾಳ ತಪ್ಪದೆ ಒಲೆಯ ಹತ್ತಿರ ಬಂದು ಹೋಗುತ್ತಾಳೆ. ಆದರೆ ಒಲೆಯವಳ ವೇಗ ಒಂದೇ ಸಮ ಇರುವುದಿಲ್ಲ; ದೃಶ್ಯ ಸರಳವಾಗಿದ್ದರೆ ಸೆಕೆಂಡಿಗೆ 90 ಚಿತ್ರ, ಕಷ್ಟವಾಗಿದ್ದರೆ 40. ತಾಳ ಕೂಡದಿದ್ದಾಗ ಅರ್ಧ ಹಳೆಯ ದೋಸೆ, ಅರ್ಧ ಹೊಸದು ಒಂದೇ ಎಲೆಗೆ ಬೀಳುತ್ತದೆ. ಅದೇ ಆ ಹರಿದ ಚಿತ್ರ. ಅಡಾಪ್ಟಿವ್ ಸಿಂಕ್ ಇದ್ದರೆ ಬಡಿಸುವವಳು ಒಲೆಯನ್ನು ನೋಡಿಕೊಂಡು, ದೋಸೆ ಆದಾಗ ಹೊರಡುತ್ತಾಳೆ.

2013ರಲ್ಲಿ ಎನ್‌ವಿಡಿಯಾ ಕಂಪನಿ ಜಿ-ಸಿಂಕ್ ಎಂಬ ಹೆಸರಿನಲ್ಲಿ ಇದನ್ನು ತಂದಾಗ ಮಾನಿಟರಿನೊಳಗೆ ಬೇರೊಂದು ಭಾಗವನ್ನೇ ಕೂರಿಸಬೇಕಿತ್ತು, ಬೆಲೆಯೂ ಏರುತ್ತಿತ್ತು. 2014ರಲ್ಲಿ ವೆಸಾ ಎಂಬ ಸಂಸ್ಥೆ ಅಡಾಪ್ಟಿವ್ ಸಿಂಕನ್ನು ಡಿಸ್‌ಪ್ಲೇಪೋರ್ಟಿನ ನಿಯಮಗಳಲ್ಲೇ ಸೇರಿಸಿತು. 2015ರಲ್ಲಿ ಎಎಮ್‌ಡಿಯವರ ಫ್ರೀಸಿಂಕ್ ಮಾನಿಟರುಗಳು ಬಂದವು. 2019ರ ಜನವರಿಯಿಂದ ಎನ್‌ವಿಡಿಯಾ ಕಾರ್ಡುಗಳೂ ಅಂಥ ಮಾನಿಟರುಗಳ ಜೊತೆ ಹೊಂದಿಕೊಂಡವು. ಹಾಗಾಗಿ ಈಗ ಈ ಸೌಲಭ್ಯಕ್ಕೆ ಬಹಳ ದುಡ್ಡು ಸುರಿಯಬೇಕಾಗಿಲ್ಲ.

ಆದರೆ ಡಬ್ಬಿಯ ಮೇಲೆ ಹೆಸರಿದ್ದರೆ ಸಾಲದು. ಎಷ್ಟರಿಂದ ಎಷ್ಟರವರೆಗೆ ಎಂದು ಕೇಳಬೇಕು. 48ರಿಂದ 75ರವರೆಗೆ ಮಾತ್ರ ಇದ್ದರೆ, ಚಿತ್ರಗಳು 48ಕ್ಕಿಂತ ಕೆಳಗಿಳಿದಾಗ ತಾಳ ಮತ್ತೆ ತಪ್ಪುತ್ತದೆ. ಮೇಲಿನ ಅಂಕಿ ಕೆಳಗಿನದರ ಎರಡು ಪಟ್ಟಿಗಿಂತ ಹೆಚ್ಚಿದ್ದರೆ ಒಂದೇ ಚಿತ್ರವನ್ನು ಎರಡು ಸಲ ತೋರಿಸಿ ಸರಿದೂಗಿಸಿಕೊಳ್ಳಲು ಬರುತ್ತದೆ.

ಅಗಲದ ಲೆಕ್ಕ ಹೇಳಲು ರಂಗೋಲಿಯೇ ಸಾಕು. ಸಾಧಾರಣ ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. ಒಟ್ಟು 20 ಲಕ್ಷಕ್ಕೆ ಸ್ವಲ್ಪ ಹೆಚ್ಚು. ತಮ್ಮನ ಮನೆಯ 34 ಇಂಚಿನದರಲ್ಲಿ 3440ಕ್ಕೆ 1440, ಅಂದರೆ ಸುಮಾರು 50 ಲಕ್ಷ ಚುಕ್ಕಿ. ಇಷ್ಟನ್ನೂ ಆ ಒಲೆಯವಳೇ ತುಂಬಬೇಕು. ಸಣ್ಣ ಒಲೆಯ ಮೇಲೆ ಮದುವೆಮನೆಯ ಕೊಪ್ಪರಿಗೆ ಇಟ್ಟರೆ ಅನ್ನ ಬೇಯುವುದು ಯಾವಾಗ? ಇನ್ನೊಂದು ಸಂಗತಿ, 34 ಇಂಚು ಎಂದರೆ ಮೂಲೆಯಿಂದ ಮೂಲೆಗೆ. ಎತ್ತರದಲ್ಲಿ ಅದು ಮಾಮೂಲಿ 27 ಇಂಚಿನದರಷ್ಟೇ, ಹದಿಮೂರು ಇಂಚಿನ ಆಸುಪಾಸು. ಅಗಲ ಮಾತ್ರ ಮೂವತ್ತೊಂದು ಇಂಚು ದಾಟುತ್ತದೆ. ಮೇಜನ್ನು ಅಳೆಯದೆ ತಂದರೆ ಕಿಟಕಿಯ ಮೇಲೆ ಇಡಬೇಕಾದೀತು.

ನವರಾತ್ರಿ ಕಳೆದ ಮೇಲೆ ಶಿವಮೊಗ್ಗಕ್ಕೆ ಹೋದೆವು. ಅಂಗಡಿಯವನು ನಮ್ಮಿಬ್ಬರನ್ನು ಬಿಟ್ಟು, ಮೂಲೆಯಲ್ಲಿ ಕೂತಿದ್ದ ಇವರಿಗೆ "ಮಗನಿಗಾ ಸಾರ್?" ಎಂದು ಕೇಳಿದ. 34 ಇಂಚಿನದನ್ನೇ ಮುಂದೆ ತಳ್ಳಿದ. 32 ಇಂಚು ಮೀರಿದವಕ್ಕೆ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದಿದೆ, ಈಗ ದೊಡ್ಡದನ್ನೇ ತಗೊಳ್ಳಿ ಎಂಬುದು ಅವನ ವಾದ. ಇಳಿದದ್ದು ನಿಜ. ತೆರಿಗೆ ಇಳಿದ ಮಾತ್ರಕ್ಕೆ ನಮ್ಮ ಒಲೆ ದೊಡ್ಡದಾಗುವುದಿಲ್ಲವಲ್ಲ! ಮಗಳು ತನ್ನ ಕಾರ್ಡಿನ ಶಕ್ತಿ ನೋಡಿ 29 ಇಂಚಿನ, 2560ಕ್ಕೆ 1080ರ, 48ರಿಂದ 100 ಹರ್ಟ್ಜ್‌ವರೆಗೆ ಸಿಂಕ್ ಇರುವುದನ್ನು ಆರಿಸಿದಳು. ಹೆಚ್ಚುಕಡಿಮೆ ಅದೇ ಅಗಲ-ಎತ್ತರದ ಅನುಪಾತ ಕಡಿಮೆ ಚುಕ್ಕಿಗಳಲ್ಲಿ, ಸುಮಾರು 28 ಲಕ್ಷ. 34 ಇಂಚಿನಲ್ಲೂ ಇಷ್ಟೇ ಚುಕ್ಕಿಯ ಒಂದು ಮಾನಿಟರ್ ಇತ್ತು, "ಅದರಲ್ಲಿ ಅಕ್ಷರ ಒರಟಾಗಿ ಕಾಣುತ್ತೆ" ಎಂದು ಬಿಟ್ಟಳು. ಉಳಿದ ದುಡ್ಡಿಗೆ ಒಂದು ಯುಪಿಎಸ್. ಮಲೆನಾಡಿನ ಮಳೆಗಾಲದ ಕರೆಂಟು ನಿಮಗೆ ಗೊತ್ತೇ ಇದೆ.

ಇನ್ನು ಆಕ್ಷೇಪಣೆಗಳು. ಸರ್ಕಾರವೇ ಆಟಗಳನ್ನು ನಿಷೇಧಿಸಿದೆ ಎಂದು ನೆಂಟರೊಬ್ಬರು ಹೇಳಿದರು. 2025ರ ಆಗಸ್ಟಿನ ಕಾನೂನು ನಿಷೇಧಿಸಿದ್ದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು. ಇ-ಸ್ಪೋರ್ಟ್ಸ್‌ಗೆ ಅದೇ ಕಾನೂನು ಪ್ರೋತ್ಸಾಹ ಕೊಡುತ್ತದೆ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಅದಕ್ಕೆ ಪದಕಗಳೇ ಇದ್ದವು. ಕಣ್ಣು ಹಾಳು, ಹೊತ್ತು ಹಾಳು ಎನ್ನುತ್ತೀರಾ? ಒಪ್ಪಿದೆ, ಮಿತಿ ಇರಲಿ. ಆ ಮಿತಿ ಮಗನಿಗೂ ಇರಲಿ. ರಾತ್ರಿ ಎರಡರವರೆಗೆ ಆಡುವ ಹುಡುಗನನ್ನು "ಪಾಪ, ಬೇಜಾರು ಕಳೀತಿದಾನೆ" ಎಂದು ಬಿಟ್ಟು, ಒಂದು ಗಂಟೆ ಆಡುವ ಹುಡುಗಿಯ ಮೇಲೆ ಗಡಿಯಾರ ಹಿಡಿಯುವುದು ಯಾವ ನ್ಯಾಯ?

ನಮ್ಮಜ್ಜಿಯ ಹತ್ತಿರ ಸೊರಬದ ಗುಡಿಗಾರರು ಮಾಡಿಕೊಟ್ಟ ಅಳಗುಳಿಮಣೆ ಇತ್ತು. ಹದಿನಾಲ್ಕು ಗುಳಿ, ಅಂಚಿಗೆಲ್ಲ ಬಳ್ಳಿಯ ಕೆತ್ತನೆ. ಮಧ್ಯಾಹ್ನ ಕೆಲಸ ಮುಗಿಸಿ ಅಜ್ಜಿ ಆಡುತ್ತಿದ್ದರು, ಯಾರೂ ಯಾಕೆ ಎನ್ನುತ್ತಿರಲಿಲ್ಲ. ಆಮೇಲೆ ನಮ್ಮ ಕಾಲಕ್ಕೆ ಏನಾಯಿತೋ! ನಮಗೆಂದು ಮನೆಗೆ ಬಂದ ಯಂತ್ರಗಳನ್ನು ಎಣಿಸಿ ನೋಡಿ. ಮಿಕ್ಸಿ, ಗ್ರೈಂಡರ್, ಹೊಲಿಗೆ ಯಂತ್ರ, ವಾಷಿಂಗ್ ಮಷೀನು. ಎಲ್ಲವೂ ದುಡಿಮೆಯವು. ಬರೀ ನಮ್ಮ ಖುಷಿಗೆಂದು ಒಂದಾದರೂ ಬಂದಿದೆಯೇ? ನಾನು ಅಂದು "ಕೆಲಸಕ್ಕೆ ಬೇಕಂತೆ" ಎಂದು ಸುಳ್ಳು ಹೇಳಿದ್ದು ಈ ಅಭ್ಯಾಸದಿಂದಲೇ. ಹೆಣ್ಣಿನ ಸಂತೋಷಕ್ಕೆ ದುಡಿಮೆಯ ಸೆರಗು ಹೊದಿಸಿದರೆ ಮಾತ್ರ ಮನೆಯೊಳಗೆ ಬಿಡುತ್ತಾರೆಂದು ನಾವೇ ನಂಬಿಕೊಂಡಿದ್ದೇವೆ.

ಮಾನಿಟರ್ ಬಂದು ಕೆಲವು ತಿಂಗಳಾಯಿತು. ನಮ್ಮತ್ತೆ ಇನ್ನೂ ಓಲೆಯ ಮಾತು ಬಿಟ್ಟಿಲ್ಲ. ಆದರೂ ರಾತ್ರಿ ಮಗಳು ಆಡುವಾಗ ಜಪಮಾಲೆ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಮೊನ್ನೆ "ಆ ಕೆಂಪು ಕಾರು ಮುಂದೆ ಹೋಯ್ತಲ್ಲೇ, ಬಿಡಬೇಡ" ಎಂದದ್ದು ನನಗೆ ಅಡಿಗೆಮನೆಯವರೆಗೂ ಕೇಳಿಸಿತು.

ಎಲ್ಲರೂ ಅಗಲದ ಮಾನಿಟರ್ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ದುಡ್ಡಿಲ್ಲದಿದ್ದರೆ ಇಲ್ಲವೆನ್ನಿ, ಮಕ್ಕಳಿಗೆ ಅದು ಅರ್ಥವಾಗುತ್ತದೆ. ಆದರೆ ನಾಳೆ ನಿಮ್ಮ ಮಗಳು ಆಟಕ್ಕೆಂದು ಏನಾದರೂ ಬಾಯಿಬಿಟ್ಟು ಕೇಳಿದರೆ, ಮಗನಿಗೆ ಕೇಳುವ ಪ್ರಶ್ನೆಯನ್ನೇ ಅವಳಿಗೂ ಕೇಳಿ. ಎಷ್ಟಾಗುತ್ತೆ?