ಮಣಿಕಟ್ಟು ಸಣ್ಣದು, ವಾಚು ದೊಡ್ಡದು

ಸಂಜೆಯ ಹೊತ್ತು ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ಹೊಸಕೋಟೆಯ ಬಸ್ಸು, ಕೋಲಾರದ ಬಸ್ಸು, ಹೆಬ್ಬಾಳದ ಕಡೆ ಹೋಗುವ ಬಸ್ಸು ಎಲ್ಲವೂ ಒಟ್ಟಿಗೇ ಬರುತ್ತವೆ, ಒಂದೂ ನಿಲ್ಲಬೇಕಾದ ಜಾಗದಲ್ಲಿ ನಿಲ್ಲುವುದಿಲ್ಲ. ಆ ನೂಕುನುಗ್ಗಲಿನಲ್ಲೂ ತಳ್ಳುಗಾಡಿಯ ಮೇಲೆ ವಾಚು ಹರಡಿಕೊಂಡು ನಿಂತವನ ಮುಂದೆ ಕಾಲೇಜು ಹುಡುಗರ ಗುಂಪು ಕರಗುವುದಿಲ್ಲ. ಆ ವಾಚುಗಳನ್ನು ನೋಡಬೇಕು. ಅಗಲದಲ್ಲಿ ನಿಪ್ಪಟ್ಟು, ದಪ್ಪದಲ್ಲಿ ಇಡ್ಲಿ.

ಪಿಯುಸಿ ಹುಡುಗನೊಬ್ಬ ಒಂದನ್ನು ಕಟ್ಟಿಕೊಂಡು ನೋಡುತ್ತಾನೆ. ಬೆಲ್ಟಿನ ಕೊನೆಯ ತೂತಿಗೆ ಸಿಕ್ಕಿಸಿದರೂ ವಾಚು ಜಾರಿ ಮಣಿಕಟ್ಟಿನ ಅಡಿಗೆ ಹೋಗುತ್ತದೆ. 'ಇದೇನೋ ಇದು, ಕೈಗೆ ಜಾಗಟೆ ಕಟ್ಟಿಕೊಂಡ ಹಾಗಿದೆ. ಮೊದಲೇ ಕಡ್ಡಿ ಕೈ ನಿಂದು' ಎಂದು ಅಪ್ಪ ನಗುತ್ತಾರೆ. 'ನಿನಗೆ ಗೊತ್ತಾಗಲ್ಲ ಬಿಡಪ್ಪ, ಕ್ಲಾಸಲ್ಲಿ ಎಲ್ಲರ ಹತ್ರಾನೂ ಇಂಥದೇ ಇರೋದು' ಎನ್ನುವ ಹುಡುಗನ ಮುಖ ಅಷ್ಟರಲ್ಲೇ ಸಣ್ಣಗಾಗಿರುತ್ತದೆ. ಕಡ್ಡಿ ಕೈ ಎನ್ನುವುದು ಅವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಅದನ್ನು ಮುಚ್ಚಿಕೊಳ್ಳಲೆಂದೇ ಅವನು ಆ ಗಾಡಿಯ ಹತ್ತಿರ ಬಂದದ್ದು. ತಮಾಷೆಯೆಂದರೆ ಸಣ್ಣ ಕೈಗೆ ದೊಡ್ಡ ವಾಚು ಕಟ್ಟಿದರೆ ಕೈ ಇನ್ನೂ ಸಣ್ಣದಾಗಿ ಕಾಣುತ್ತದೆ.

ಅಪ್ಪನ ಕೈಯಲ್ಲಿರುವುದು ಎಚ್‌ಎಂಟಿ. ದೂರವಾಣಿನಗರದ ಐಟಿಐ, ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗುತ್ತಿದ್ದ ಮನೆಗಳಲ್ಲಿ ವಾಚು ಅಲಂಕಾರದ ಒಡವೆಯಾಗಿರಲಿಲ್ಲ, ಹೊತ್ತಿಗೆ ಸರಿಯಾಗಿ ಗೇಟು ದಾಟಲು ಬೇಕಾದ ಸಾಮಾನಾಗಿತ್ತು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಇಡೀ ದೇಶದ ಮಣಿಕಟ್ಟಿಗೆ ಒಂದು ಅಳತೆಯನ್ನೇ ಕೊಟ್ಟಿತು. ಜನತಾ ಇರಲಿ, ಪೈಲಟ್ ಇರಲಿ, ಅಗಲ ಸುಮಾರು 35 ಮಿಲಿಮೀಟರ್. ಮದುವೆಯ ಗಂಡಿಗೂ ಅದೇ, ಹೊಸದಾಗಿ ಕೆಲಸಕ್ಕೆ ಸೇರಿದವನಿಗೂ ಅದೇ. ಆಗ ಅದನ್ನು ಸಣ್ಣದು ಎಂದವರಿಲ್ಲ. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಜಾಲಹಳ್ಳಿಯಲ್ಲಿ ಈಗ ಎಚ್‌ಎಂಟಿಯ ವಸ್ತುಸಂಗ್ರಹಾಲಯವಿದೆ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಬಹುದಾದ ಜಾಗ.

ಹಾಗಾದರೆ ಈ ನಿಪ್ಪಟ್ಟು ಎಲ್ಲಿಂದ ಬಂತು? ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಗಂಡಸರ ಗಡಿಯಾರ ಜೇಬಿನಲ್ಲಿರುತ್ತಿತ್ತು. ಕೈಗೆ ಕಟ್ಟುವುದು ಹೆಂಗಸರ ಒಡವೆ ಎಂದು ಯುರೋಪಿನವರು ನಗುತ್ತಿದ್ದರು. ಕಂದಕದಲ್ಲಿ ನಿಂತು ಜೇಬು ತಡಕಲು ಪುರುಸೊತ್ತಿಲ್ಲದ ಮೊದಲ ಮಹಾಯುದ್ಧದ ಸೈನಿಕರು ಆ ನಗುವನ್ನು ನಿಲ್ಲಿಸಿದರು. ಎರಡನೆಯ ಯುದ್ಧದ ಜರ್ಮನ್ ವಿಮಾನಿಗಳ ವಾಚು 55 ಮಿ.ಮೀ. ಅಗಲವಿತ್ತು. ಅದನ್ನು ದಪ್ಪ ಜಾಕೆಟ್ಟಿನ ತೋಳಿನ ಮೇಲೆ ಕಟ್ಟುತ್ತಿದ್ದರು. ಇಟಲಿಯ ನೌಕಾಪಡೆಯ ಮುಳುಗುಗಾರರಿಗಾಗಿ ಪಾನೆರೈ ಮಾಡಿಕೊಟ್ಟದ್ದು 47 ಮಿ.ಮೀ. ನೀರಿನಡಿಯ ಕತ್ತಲಲ್ಲಿ ಮುಳ್ಳು ಕಾಣಬೇಕಲ್ಲ!

ಎಲ್ಲಕ್ಕಿಂತ ಚೆಂದದ ಕಥೆ ಕ್ಯಾಸಿಯೊ ಜಿ-ಶಾಕ್‌ನದು. ಆ ಕಂಪನಿಯ ಎಂಜಿನಿಯರ್ ಕಿಕುವೊ ಇಬೆ ಅವರಿಗೆ ಅಪ್ಪ ಕೊಟ್ಟಿದ್ದ ವಾಚು ಒಂದು ದಿನ ಕೆಳಗೆ ಬಿದ್ದು ಚೂರಾಯಿತು. ಬಿದ್ದರೂ ಒಡೆಯದ ವಾಚು ಮಾಡುತ್ತೇನೆಂದು ಅವರು ಹೊರಟರು. ಹತ್ತು ಮೀಟರ್ ಎತ್ತರದಿಂದ ಬಿದ್ದರೂ ತಾಳಬೇಕು, ನೀರಿನ ಹತ್ತು ಬಾರ್ ಒತ್ತಡ ತಡೆಯಬೇಕು, ಸೆಲ್ ಹತ್ತು ವರ್ಷ ಬರಬೇಕು ಎಂಬುದು ಗುರಿ. ಸುತ್ತ ರಬ್ಬರು ಸುತ್ತಿದಷ್ಟೂ ಒಳಗಿನ ಯಾವುದೋ ಒಂದು ಭಾಗ ಮುರಿಯುತ್ತಲೇ ಇತ್ತು. ಇನ್ನೂರಕ್ಕೂ ಹೆಚ್ಚು ಮಾದರಿಗಳು ಹಾಳಾದ ಮೇಲೆ ಪಾರ್ಕಿನಲ್ಲಿ ಚೆಂಡು ಪುಟಿಸುತ್ತಿದ್ದ ಪುಟ್ಟ ಹುಡುಗಿಯನ್ನು ನೋಡಿ ದಾರಿ ಹೊಳೆಯಿತು. ಚೆಂಡು ನೆಲಕ್ಕೆ ಬಡಿದರೂ ಅದರ ನಡುಭಾಗಕ್ಕೆ ಪೆಟ್ಟು ತಲುಪುವುದಿಲ್ಲ. ಯಂತ್ರವನ್ನು ಕವಚದೊಳಗೆ ಕೆಲವೇ ಬಿಂದುಗಳ ಆಧಾರದಲ್ಲಿ ತೇಲುವಂತೆ ಕೂರಿಸಿದರು. 1983ರಲ್ಲಿ ವಾಚು ಮಾರುಕಟ್ಟೆಗೆ ಬಂತು. ಅದರ ದಪ್ಪ ಜಂಬದ್ದಲ್ಲ, ಒಳಗಿನ ಯಂತ್ರಕ್ಕೆ ಹಾಸಿದ ಹಾಸಿಗೆ.

ಟಿನ್ ಫ್ಯಾಕ್ಟರಿಯ ಗಾಡಿಯಲ್ಲಿರುವುದಕ್ಕೆ ಆ ಹಾಸಿಗೆಯೂ ಇಲ್ಲ. ಸ್ವಿಟ್ಜರ್ಲೆಂಡಿನ ಓಡೆಮಾ ಪಿಗೆ ಕಂಪನಿ 1993ರಲ್ಲಿ 42 ಮಿ.ಮೀ.ನ ದಪ್ಪ ವಾಚು ತಂದಾಗ ಹುಬ್ಬೇರಿಸಿದವರೇ ಹೆಚ್ಚು. 1996ರ 'ಡೇಲೈಟ್' ಚಿತ್ರದಲ್ಲಿ ಸ್ಟಾಲೋನ್ ಕೈಗೆ ಪಾನೆರೈ ಕಟ್ಟಿದ. ಮುಂದಿನದು ಎಲ್ಲ ಫ್ಯಾಷನ್ನಿನ ಕಥೆ. ಮೇಲಿನವರು ಕಟ್ಟಿದ್ದನ್ನು ಕೆಳಗಿನ ಬೆಲೆಗೆ ನಕಲು ಮಾಡುವುದು.

ಲೆಕ್ಕ ಇಷ್ಟವಿರುವ ವಿದ್ಯಾರ್ಥಿಗಳು ಇಲ್ಲಿ ಪೆನ್ಸಿಲ್ ಹಿಡಿಯಬಹುದು. 35 ಮಿ.ಮೀ.ಗಿಂತ 47 ಮಿ.ಮೀ. ಹನ್ನೆರಡೇ ಮಿ.ಮೀ. ಹೆಚ್ಚು. ಆದರೆ ವೃತ್ತದ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 35ರ ವರ್ಗ 1225, 47ರ ವರ್ಗ 2209. ಅಂದರೆ ಕೈ ಮೇಲಿನ ತಟ್ಟೆ ಶೇ 80ರಷ್ಟು ಹಿಗ್ಗಿತು! ಒಳಗಿನ ಯಂತ್ರವೇನೂ ಹಿಗ್ಗಿರುವುದಿಲ್ಲ. ಸೆಲ್ ಹಾಕುವ ವಾಚಿನ ಕ್ವಾರ್ಟ್ಸ್ ಹರಳು ಅಕ್ಕಿಕಾಳಿನಷ್ಟು. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಒಂದು ಉಳಿಯುತ್ತದೆ, ಅದೇ ಸೆಕೆಂಡಿನ ಮುಳ್ಳಿನ ಒಂದು ಹೆಜ್ಜೆ. ಇಷ್ಟು ಕೆಲಸಕ್ಕೆ ಜಾಗ ಬೇಕಿಲ್ಲವೆಂದು ಟೈಟನ್ ತೋರಿಸಿದೆ. 2002ರಲ್ಲಿ ಬಂದ ಅದರ 'ಎಡ್ಜ್' ವಾಚಿನ ದಪ್ಪ ಬರೀ 3.5 ಮಿ.ಮೀ. ಅಗ್ಗದ ದೊಡ್ಡ ವಾಚಿನ ಹಿಂಬದಿ ಬಿಚ್ಚಿದರೆ ಎಷ್ಟೋ ಸಲ ಕಾಣುವುದು ಪುಟ್ಟ ಯಂತ್ರ, ಸುತ್ತ ಪ್ಲಾಸ್ಟಿಕ್ ಬಳೆ.

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎನ್ನುತ್ತಾರೆ. ವಾಚಿನ ಮಟ್ಟಿಗೆ ಇಚ್ಛೆಯ ಜೊತೆ ಒಂದು ಸ್ಕೇಲೂ ಇದ್ದರೆ ಒಳ್ಳೆಯದು. ಬೆಲ್ಟು ಸೇರುವ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ಅಳೆಯಬೇಕು. ಅದು ಮಣಿಕಟ್ಟಿನ ಮೇಲ್ಭಾಗದ ಅಗಲದೊಳಗೆ ಕೂತರೆ ಸರಿ, ಎರಡೂ ಕಡೆ ಚಾಚಿಕೊಂಡರೆ ಅಂಗಿಯ ತೋಳಿಗೂ ಬಸ್ಸಿನ ಕಂಬಿಗೂ ಸಿಕ್ಕಿಕೊಳ್ಳುವುದು ಖಂಡಿತ. ಡಯಲ್ಲಿನ ಅಗಲವೊಂದನ್ನೇ ಕೇಳಿ ಕೊಳ್ಳುವವರು ಮೋಸ ಹೋಗುವುದು ಇಲ್ಲೇ. ಹದಿನೇಳರ ಕೈ ಇನ್ನೂ ಬೆಳೆಯುವ ಕೈ ಎಂಬುದನ್ನು ಅಪ್ಪಂದಿರು ಮರೆಯಬಾರದು. ನೀಟ್, ಸಿಇಟಿ ಬರೆಯುವವರಿಗಾದರೆ ಯಾವ ಅಳತೆಯದಾದರೂ ಒಂದೇ, ಪರೀಕ್ಷೆಯ ಕೊಠಡಿಗೆ ವಾಚನ್ನೇ ಬಿಡುವುದಿಲ್ಲ.

ಗಾಡಿಯ ಹತ್ತಿರ ಅಪ್ಪ ಮಗನ ಚೌಕಾಸಿ ಮುಗಿದಿಲ್ಲ. ಅಷ್ಟರಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದ ಅಮ್ಮ ಮಗನ ಕೈಯಿಂದ ಆ ದೊಡ್ಡ ವಾಚು ಬಿಚ್ಚಿಸಿಕೊಂಡು ತೋಳಿನುದ್ದ ದೂರ ಹಿಡಿದು ನೋಡುತ್ತಾರೆ. ಮದುವೆಯಲ್ಲಿ ಬಂದ ಅವರ ವಾಚಿನ ಡಯಲ್ಲು ಬಟಾಣಿ ಕಾಳಿನಷ್ಟು. ಕನ್ನಡಕ ಹಾಕದೆ ಅದರಲ್ಲಿ ಹೊತ್ತು ತಿಳಿದು ಎಷ್ಟೋ ವರ್ಷವಾಯಿತು.

'ಇದು ಎಷ್ಟಪ್ಪಾ?' ಎಂದು ಗಾಡಿಯವನನ್ನು ಕೇಳಿದವರು ಅವರು.