ಗಿಡದ ಜೊತೆ ಹೆಸರೂ ಬರಲಿ

ಮಳೆಗಾಲದ ಒಂದು ರಾತ್ರಿ, ಒಂಬತ್ತು ಗಂಟೆಯ ಮೇಲೆ, ಹಾಸನದ ಯಾವುದಾದರೂ ಬಡಾವಣೆಯ ಮನೆಯೊಂದರ ಮುಂದೆ ಅಕ್ಕಪಕ್ಕದವರು ಗುಂಪುಗೂಡಿದ್ದರೆ ಅಲ್ಲಿ ಬ್ರಹ್ಮಕಮಲ ಅರಳುತ್ತಿದೆ ಎಂದು ತಿಳಿಯಬಹುದು. ಮನೆಯಾಕೆ ಹೂವಿಗೆ ಅರಿಶಿನ ಕುಂಕುಮ ಇಟ್ಟಿರುತ್ತಾರೆ. ಮಕ್ಕಳು ನಿದ್ದೆಗಣ್ಣಿನಲ್ಲೇ ಬಂದು ನಿಂತಿರುತ್ತಾರೆ. ಬೆಳಗಾಗುವ ಹೊತ್ತಿಗೆ ಅಷ್ಟು ದೊಡ್ಡ ಹೂವು ಬಾಡಿ ತಲೆ ಬಗ್ಗಿಸಿರುತ್ತದೆ. ಆದರೆ ನೋಡಲು ಬಂದವರಲ್ಲಿ ಒಬ್ಬರಾದರೂ 'ನಮಗೂ ಒಂದು ಎಲೆ ಕೊಡಿ' ಎಂದು ಕೇಳದೆ ಹಿಂದಿರುಗುವುದಿಲ್ಲ. ಹೀಗೆ ಒಂದೇ ಗಿಡದ ಎಲೆಗಳು ಹಾಸನದಿಂದ ಹೊಳೆನರಸೀಪುರದ ತಂಗಿಯ ಮನೆಗೆ, ಅಲ್ಲಿಂದ ಅರಕಲಗೂಡಿನ ಸೊಸೆಯ ತವರಿಗೆ, ಮುಂದೆ ಚನ್ನರಾಯಪಟ್ಟಣದ ಸ್ನೇಹಿತರ ಅಂಗಳಕ್ಕೆ ಪ್ರಯಾಣ ಮಾಡುತ್ತವೆ.

ಈ ಮನೆಗಳವರಿಗೆ ತಿಳಿಯದ ಸಂಗತಿಯೊಂದಿದೆ. ಅವರೆಲ್ಲರೂ ಕ್ಯಾಕ್ಟಸ್ ಬೆಳೆಗಾರರು! ನಮ್ಮ ಮನೆಗಳಲ್ಲಿ ಬ್ರಹ್ಮಕಮಲ ಎನ್ನಿಸಿಕೊಳ್ಳುವ ಗಿಡ ಎಪಿಫಿಲ್ಲಮ್ ಆಕ್ಸಿಪೆಟಾಲಮ್ ಎಂಬ ಕ್ಯಾಕ್ಟಸ್. ಅದರ ತವರು ಮೆಕ್ಸಿಕೊ ಮತ್ತು ಗ್ವಾಟೆಮಾಲ ಕಡೆಯ ಕಾಡುಗಳು. ನಾವು ಎಲೆ ಎಂದು ಕಿತ್ತುಕೊಡುವುದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ನಿಜವಾದ ಬ್ರಹ್ಮಕಮಲ ಹಿಮಾಲಯದ ಎತ್ತರದಲ್ಲಿ ಬೆಳೆಯುವ, ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಬೇರೆಯೇ ಗಿಡ. ಉತ್ತರಾಖಂಡದ ರಾಜ್ಯಪುಷ್ಪ ಅದು.

ಹೆಸರು ಬದಲಾದರೆ ಏನಾಯಿತು, ಹೂವಿನ ಚೆಲುವೇನು ಕಡಿಮೆಯಾಯಿತೇ ಎಂದು ಕೇಳಬಹುದು. ಪೂಜೆಗೆ ಏನೂ ಆಗುವುದಿಲ್ಲ. ಗಿಡಕ್ಕೆ ಮಾತ್ರ ಆಗುತ್ತದೆ. 'ಇದು ಕ್ಯಾಕ್ಟಸ್' ಎಂದು ಅರ್ಧ ತಿಳಿದವರು ಅದನ್ನು ಉರಿಬಿಸಿಲಿನಲ್ಲಿಟ್ಟು ನೀರು ನಿಲ್ಲಿಸುತ್ತಾರೆ. ಕಾಂಡ ಹಳದಿಯಾಗಿ ಸುಟ್ಟಂತಾಗುತ್ತದೆ. ಪೂರ್ತಿ ತಿಳಿದವರಿಗೆ ಇದು ಮರದ ಕೊಂಬೆಯ ಮೇಲೆ ನೆರಳಿನಲ್ಲಿ ಬೆಳೆಯುವ ಜಾತಿ ಎಂಬುದು ಗೊತ್ತು. ಅವರು ಅದನ್ನು ಬೆಳಗಿನ ಎಳೆ ಬಿಸಿಲು ಬೀಳುವ ಮೂಲೆಯಲ್ಲಿಟ್ಟು, ಮಣ್ಣಿಗೆ ಎಲೆಗೊಬ್ಬರ ಬೆರೆಸುತ್ತಾರೆ. ಸರಿಯಾದ ಹೆಸರಿನಲ್ಲಿ ಗಿಡದ ಊರು, ಊಟ, ಬಿಸಿಲು, ನೆರಳು ಎಲ್ಲವೂ ಅಡಗಿವೆ.

ಹೆಸರು ತಪ್ಪಿದ ಹುಳು

ಹೆಸರು ತಪ್ಪಿದ್ದರಿಂದ ಇಡೀ ದೇಶವೇ ಪಾಠ ಕಲಿತ ಉದಾಹರಣೆಯೊಂದು ನಮ್ಮ ಪಾಪಾಸುಕಳ್ಳಿಯ ಚರಿತ್ರೆಯಲ್ಲಿದೆ. ಹದಿನೆಂಟನೆಯ ಶತಮಾನದಲ್ಲಿ ಕೆಂಪು ಬಣ್ಣಕ್ಕೆ ಬಂಗಾರದಂಥ ಬೆಲೆಯಿತ್ತು. ಮೆಕ್ಸಿಕೊದ ಕಳ್ಳಿಗಳ ಮೇಲೆ ಬದುಕುವ ಕಾಕಿನೀಲ್ ಎಂಬ ಸಣ್ಣ ಕೀಟವನ್ನು ಒಣಗಿಸಿ ಆ ಬಣ್ಣ ತೆಗೆಯುತ್ತಿದ್ದರು. ವ್ಯಾಪಾರವೆಲ್ಲ ಸ್ಪೇನಿನವರ ಕೈಯಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಗೆ ಅದರ ಮೇಲೆ ಕಣ್ಣು. ಮದರಾಸಿನಲ್ಲಿ ಜೇಮ್ಸ್ ಆ್ಯಂಡರ್ಸನ್ ಎಂಬ ವೈದ್ಯರು ಈ ಉದ್ದೇಶಕ್ಕೆಂದೇ ಕಳ್ಳಿಯ ತೋಟ ಮಾಡಿಸಿದರು.

1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತ ಬ್ರೆಜಿಲ್ ದೇಶದಿಂದ ಕಳ್ಳಿಯ ತುಂಡುಗಳ ಮೇಲೆ ಕೀಟಗಳನ್ನು ಹೊತ್ತು ಕಲ್ಕತ್ತೆಗೆ ತಂದ. ಎಲ್ಲರೂ ಅದನ್ನು ನಿಜವಾದ ಕಾಕಿನೀಲ್ ಎಂದೇ ನಂಬಿದರು. ಆದರೆ ಬಂದದ್ದು ಅದರ ಕಾಡು ದಾಯಾದಿ. ಅದರಿಂದ ಬಂದ ಬಣ್ಣ ಕಳಪೆ. ಹಸಿವು ಮಾತ್ರ ಅಪಾರ. ಬಣ್ಣದ ಆಸೆ ಕರಗಿತು. ಕೀಟವು ಬಂಗಾಳದ ಕಳ್ಳಿ ಬೇಲಿಗಳನ್ನು ತಿಂದು ಮುಗಿಸಿತು. ಮುಂದೆ 1836ರ ಸುಮಾರಿಗೆ ದಕ್ಷಿಣ ಭಾರತಕ್ಕೂ ಅದನ್ನು ತಂದು ಕಳೆಯಾಗಿ ಹಬ್ಬಿದ್ದ ಕಳ್ಳಿಯ ಮೇಲೆ ಬಿಟ್ಟರು. ಕೀಟದಿಂದ ಕಳೆಯನ್ನು ಹತೋಟಿಗೆ ತಂದ ಜಗತ್ತಿನ ಮೊದಲ ಯಶಸ್ವಿ ಉದಾಹರಣೆಗಳಲ್ಲಿ ಇದನ್ನು ಹೆಸರಿಸುತ್ತಾರೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಆ ಕೀಟ ಒಂದು ಜಾತಿಯ ಕಳ್ಳಿಯನ್ನು ಮಾತ್ರ ತಿನ್ನುತ್ತಿತ್ತು. ಪಾಪಾಸುಕಳ್ಳಿಯ ಇನ್ನೊಂದು ಜಾತಿ ದಕ್ಷಿಣದ ಬಯಲುಗಳಲ್ಲಿ ನಿರಾತಂಕವಾಗಿ ಹಬ್ಬಿತು. ಕಡೆಗೆ 1926ರಲ್ಲಿ ಶ್ರೀಲಂಕಾದಿಂದ ಇನ್ನೊಂದು ಜಾತಿಯ ಕೀಟವನ್ನು ತರಿಸಿ ಬಿಡಬೇಕಾಯಿತು. ಕೆಲವೇ ವರ್ಷಗಳಲ್ಲಿ ಸಾವಿರಾರು ಎಕರೆ ಪಾಪಾಸುಕಳ್ಳಿ ಕೊಳೆತು ಬಿದ್ದಿತು. ಎರಡು ಕಳ್ಳಿ, ಎರಡು ಕೀಟ. ಹೊರನೋಟಕ್ಕೆ ಒಂದೇ, ಗುಣದಲ್ಲಿ ಬೇರೆ. ಹೆಸರನ್ನು ಸರಿಯಾಗಿ ಗುರುತಿಸಿದ ಮೇಲಷ್ಟೇ ಕೆಲಸ ಕೈಗೂಡಿತು.

ಕಳ್ಳಿಯೆಲ್ಲ ಕ್ಯಾಕ್ಟಸ್ ಅಲ್ಲ

ಚನ್ನರಾಯಪಟ್ಟಣದ ಕಡೆಯ ಹೊಲದ ಬದುಗಳಲ್ಲಿ ನಡೆದರೆ ಬೇಲಿಯಲ್ಲಿ ಕಳ್ಳಿ, ಕತ್ತಾಳೆ, ಹಿತ್ತಿಲಲ್ಲಿ ಲೋಳೆಸರ ಕಾಣುತ್ತವೆ. ವಿದ್ಯಾರ್ಥಿಗಳು ಇವೆಲ್ಲವನ್ನೂ ಕ್ಯಾಕ್ಟಸ್ ಎಂದು ಬರೆದುಬಿಡುವುದುಂಟು. ಹಾಲು ಸುರಿಸುವ ನಮ್ಮ ಬೇಲಿಯ ಕಳ್ಳಿಗಳು ಯುಫೋರ್ಬಿಯ ಗುಂಪಿನವು, ಹರಳುಗಿಡದ ನೆಂಟರು. ಕತ್ತಾಳೆಯ ತವರು ಮೆಕ್ಸಿಕೊ ಕಡೆಯದಾದರೂ ಅದು ಕ್ಯಾಕ್ಟಸ್ ಅಲ್ಲ. ಲೋಳೆಸರದ್ದು ಇನ್ನೊಂದು ಕುಲ. ಇವೆಲ್ಲಕ್ಕೂ ಸಮಾನವಾದದ್ದು ಒಂದೇ, ಎಲೆಯಲ್ಲೋ ಕಾಂಡದಲ್ಲೋ ನೀರು ಕೂಡಿಟ್ಟುಕೊಳ್ಳುವ ಗುಣ. ಈ ಗುಣವಿರುವ ಸಸ್ಯಗಳನ್ನೆಲ್ಲ ಸೇರಿಸಿ ರಸಭರಿತ ಸಸ್ಯಗಳು, ಸಕ್ಯುಲೆಂಟ್‌ಗಳು ಎನ್ನುತ್ತಾರೆ. ಕ್ಯಾಕ್ಟಸ್ ಅವುಗಳಲ್ಲಿ ಒಂದು ಕುಟುಂಬ ಮಾತ್ರ.

ಗುರುತಿಸುವುದು ಹೇಗೆ? ಕ್ಯಾಕ್ಟಸ್ಸಿನ ಮುಳ್ಳುಗಳು ಮೆತ್ತನೆಯ ಒಂದು ಪುಟ್ಟ ದಿಂಬಿನಂಥ ಚುಕ್ಕೆಯಿಂದ ಗೊಂಚಲಾಗಿ ಹುಟ್ಟುತ್ತವೆ. ನಮ್ಮ ಬೇಲಿಯ ಕಳ್ಳಿಯಲ್ಲಿ ಆ ದಿಂಬಿಲ್ಲ. ಸಾಮಾನ್ಯವಾಗಿ ಮುಳ್ಳುಗಳು ಜೋಡಿಯಾಗಿರುತ್ತವೆ, ಗಾಯವಾದರೆ ಬಿಳಿ ಹಾಲು ಒಸರುತ್ತದೆ. ಎಲ್ಲೋ ಅಮೆರಿಕದಲ್ಲಿ ಒಂದು ಕುಲ, ಇಲ್ಲಿ ಇನ್ನೊಂದು ಕುಲ, ನೀರಿಲ್ಲದ ಬದುಕಿಗೆ ಇಬ್ಬರೂ ಕಂಡುಕೊಂಡ ಉಪಾಯ ಮಾತ್ರ ಒಂದೇ.

ಹಾಸನ ಜಿಲ್ಲೆಯ ಮಕ್ಕಳಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಸಸ್ಯವಿಜ್ಞಾನಿ, ಪಾದ್ರಿ ಸೆಸಿಲ್ ಸಲ್ದಾನ ಅವರು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಡಾನ್ ನಿಕೋಲ್ಸನ್ ಅವರೊಡನೆ ಸಂಪಾದಿಸಿದ 'ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್' 1976ರಲ್ಲಿ ಪ್ರಕಟವಾಯಿತು. ಜಿಲ್ಲೆಯ ಗಿಡಮರಗಳನ್ನು ಹೆಸರು ಹಿಡಿದು ಗುರುತಿಸುವ ದೊಡ್ಡ ಗ್ರಂಥವದು. ಸಸ್ಯವಿಜ್ಞಾನದ ಅಧ್ಯಾಪಕರನ್ನು ಕೇಳಿದರೆ ಅದನ್ನು ನೋಡುವ ದಾರಿ ತೋರಿಸಿಯಾರು.

ಒಂದು ಪತ್ರದ ಬೆಲೆ

ಕ್ಯಾಕ್ಟಸ್ ಬೆಳೆಸುವವರು ಕೂಟ ಕಟ್ಟಿಕೊಳ್ಳುವುದು ಹೊಸದಲ್ಲ. ಅಮೆರಿಕದ ಕ್ಯಾಕ್ಟಸ್ ಮತ್ತು ಸಕ್ಯುಲೆಂಟ್ ಸಂಘ 1929ರಲ್ಲಿ ಹುಟ್ಟಿತು. ನಮ್ಮ ದೇಶದಲ್ಲಿ ಹರಿಯಾಣದ ಪಂಚಕುಲದಲ್ಲಿ 1987ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಯಾಕ್ಟಸ್ ಉದ್ಯಾನ ಹೆಸರುವಾಸಿ. ಬೆಂಗಳೂರಿನ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರೂ ಸಾಲಾಗಿ ಜೋಡಿಸಿದ ಕಳ್ಳಿ ಕುಂಡಗಳ ಮುಂದೆ ನಿಂತು ನೋಡಿರುತ್ತಾರೆ. ಇಂಥ ಕೂಟಗಳಲ್ಲಿ ಗಿಡ ಕೊಟ್ಟು ಗಿಡ ಪಡೆಯುತ್ತಾರೆ. ಆದರೆ ಗಿಡಕ್ಕಿಂತ ಬೆಲೆಯುಳ್ಳದ್ದು ಅವರು ಹಂಚಿಕೊಳ್ಳುವ ಅನುಭವ.

ಅದಕ್ಕೆ ಸಾಕ್ಷಿ ಲಾಲ್‌ಬಾಗಿಗೇ ಸಂಬಂಧಪಟ್ಟ ಒಬ್ಬರ ಕಥೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆಗೆ ಬಂದ ಬೆಂಜಮಿನ್ ಹೈನ್ ಎಂಬ ಸಸ್ಯತಜ್ಞರು ಲಾಲ್‌ಬಾಗನ್ನೂ ಕೆಲಕಾಲ ನೋಡಿಕೊಂಡರು. ಅವರು ಕಾಡುಬಸಳೆ ಗಿಡದಲ್ಲಿ ಒಂದು ವಿಚಿತ್ರ ಕಂಡರು. ಎಲೆ ಬೆಳಿಗ್ಗೆ ಬಾಯಿಗಿಟ್ಟರೆ ಹುಳಿ. ಮಧ್ಯಾಹ್ನ ರುಚಿಯೇ ಇಲ್ಲ. ಸಂಜೆ ತುಸು ಕಹಿ. ಬೇರೆಯವರಾದರೆ ಉಗುಳಿ ಮುಂದೆ ಹೋಗುತ್ತಿದ್ದರು. ಹೈನ್ ಅದನ್ನು ಬರೆದು ಲಂಡನ್ನಿನ ಲಿನಿಯನ್ ಸೊಸೈಟಿಯ ಲ್ಯಾಂಬರ್ಟ್ ಎಂಬುವರಿಗೆ ಪತ್ರ ಹಾಕಿದರು. 1815ರ ಸುಮಾರಿಗೆ ಅದು ಅಚ್ಚಾಯಿತು.

ಈಗ ಕಾರಣ ಗೊತ್ತಾಗಿದೆ. ಹಗಲು ಬಾಯಿ ತೆರೆದರೆ ನೀರು ಆವಿಯಾಗಿ ಹೋಗುತ್ತದೆಂದು ಇಂಥ ಗಿಡಗಳು ಎಲೆಯ ರಂಧ್ರಗಳನ್ನು ರಾತ್ರಿ ತೆರೆಯುತ್ತವೆ. ಒಳಬಂದ ಇಂಗಾಲದ ಡೈ ಆಕ್ಸೈಡನ್ನು ಆಮ್ಲವಾಗಿ ಕೂಡಿಟ್ಟು, ಹಗಲು ಬಾಗಿಲು ಮುಚ್ಚಿಕೊಂಡು ಬಿಸಿಲಿನಲ್ಲಿ ಅದನ್ನೇ ಬಳಸಿ ಆಹಾರ ತಯಾರಿಸುತ್ತವೆ. ಬೆಳಗಿನ ಹುಳಿಗೆ ಆ ಆಮ್ಲವೇ ಕಾರಣ. ಪಿ.ಯು. ವಿದ್ಯಾರ್ಥಿಗಳು ಸಿ.ಎ.ಎಂ. ಎಂಬ ಮೂರು ಅಕ್ಷರಗಳಲ್ಲಿ ಕಂಠಪಾಠ ಮಾಡುವ ಪಾಠ ಇದು. ಹೈನ್ ನಾಲಗೆಯಲ್ಲಿ ಪರೀಕ್ಷಿಸಿದರು. ಮಕ್ಕಳಿಗೆ ಅದು ಬೇಡ. ಬೆಳಿಗ್ಗೆ ಒಂದು ಎಲೆ, ಸಂಜೆ ಒಂದು ಎಲೆ ಜಜ್ಜಿ, ರಸಕ್ಕೆ ಶಾಲೆಯ ಪ್ರಯೋಗಶಾಲೆಯ ಪಿ.ಎಚ್. ಕಾಗದ ಅದ್ದಿದರೆ ಸಾಕು.

ನಾಲ್ಕು ಊರು, ನಾಲ್ಕು ನೋಟ್‌ಬುಕ್

ಕೂಟಕ್ಕೆ ಸೇರಲು ದೂರ ಹೋಗಬೇಕಾಗಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಒಬ್ಬೊಬ್ಬ ವಿದ್ಯಾರ್ಥಿ ಸಿಕ್ಕರೆ ಕೂಟ ಆಯಿತು. ಈ ಊರುಗಳ ಹವೆಯೇ ಅವರಿಗೆ ಪ್ರಯೋಗಶಾಲೆ. ಜಿಲ್ಲೆಯಲ್ಲಿ ಸಕಲೇಶಪುರದ ಕಡೆಯಿಂದ ಪೂರ್ವಕ್ಕೆ ಬಂದಂತೆ ಮಳೆ ಕಡಿಮೆಯಾಗುತ್ತ ಹೋಗುತ್ತದೆ. ಅರಕಲಗೂಡಿಗೆ ಮಲೆನಾಡಿನ ಸೆರಗು ತಾಗುತ್ತದೆ. ಚನ್ನರಾಯಪಟ್ಟಣ ತೆಂಗಿನ ತೋಟಗಳ ಬಯಲುಸೀಮೆ.

ಒಂದೇ ತಾಯಿಗಿಡದಿಂದ ಬ್ರಹ್ಮಕಮಲದ ನಾಲ್ಕು ತುಂಡು, ಒಂದೇ ಪಾಪಾಸುಕಳ್ಳಿಯ ನಾಲ್ಕು ತುಂಡು ಕತ್ತರಿಸಿ ಹಂಚಿಕೊಳ್ಳಲಿ. ಗಾಯ ಒಣಗುವವರೆಗೆ, ಅಂದರೆ ಸುಮಾರು ಒಂದು ವಾರ, ತುಂಡುಗಳನ್ನು ನೆರಳಿನಲ್ಲಿ ಬಿಡಬೇಕು. ಹಸಿ ಗಾಯವನ್ನು ಮಣ್ಣಿಗಿಟ್ಟರೆ ಕೊಳೆಯುತ್ತದೆ. ಪಾಪಾಸುಕಳ್ಳಿಗೆ ಕೆಮ್ಮಣ್ಣಿನ ಜೊತೆ ಅಷ್ಟೇ ದಪ್ಪ ಮರಳು ಇಲ್ಲವೇ ಇಟ್ಟಿಗೆ ಚೂರು ಇರಲಿ, ಕುಂಡದ ತಳದಲ್ಲಿ ತೂತಿರಲಿ. ಮಳೆಗಾಲದಲ್ಲಿ ಸೂರಿನ ಕೆಳಗಿಡಲಿ. ಕಳ್ಳಿ ನೀರಿಲ್ಲದೆ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಜಾಸ್ತಿ. ಬೇರೆಯವರಿಂದ ಬಂದ ಗಿಡವನ್ನು ಎರಡು ವಾರ ದೂರವಿಟ್ಟು, ಬಿಳಿ ಹತ್ತಿಯಂತೆ ಕಾಣುವ ಹಿಟ್ಟು ತಿಗಣೆ ಇಲ್ಲವೆಂದು ನೋಡಿಕೊಂಡೇ ಉಳಿದವುಗಳ ಜೊತೆ ಇಡಬೇಕು.

ಪ್ರತಿ ಕುಂಡಕ್ಕೂ ಒಂದು ಚೀಟಿ ಬೇಕು. ಹಳೆಯ ಪ್ಲಾಸ್ಟಿಕ್ ಡಬ್ಬಿಯನ್ನು ಪಟ್ಟಿಯಾಗಿ ಕತ್ತರಿಸಿದರೆ ಸಾಕು. ಅದರ ಮೇಲೆ ಪೆನ್ಸಿಲಿನಲ್ಲಿ ಬರೆಯಬೇಕು. ಪೆನ್ನಿನ ಶಾಯಿ ಬಿಸಿಲಿಗೆ ಮಾಸುತ್ತದೆ. ಬರೆಯಬೇಕಾದದ್ದು ಮೂರು: ಗಿಡದ ಹೆಸರು, ಯಾರಿಂದ ಯಾವ ಊರಿನಿಂದ ಬಂತು, ನೆಟ್ಟ ದಿನ. ಹೆಸರು ತಿಳಿಯದಿದ್ದರೆ 'ತಿಳಿಯದು' ಎಂದೇ ಬರೆಯಲಿ; ಊಹೆಯ ಹೆಸರು ಬೇಡ. ನೋಟ್‌ಬುಕ್ಕಿನಲ್ಲಿ ನೀರು ಹಾಕಿದ ದಿನ, ಮಳೆ ಬಂದ ದಿನ, ಮೊದಲ ಚಿಗುರು, ಮೊದಲ ಮೊಗ್ಗು ಬರೆಯುತ್ತ ಬಂದರೆ ವರ್ಷದ ಕೊನೆಗೆ ನಾಲ್ಕು ಪುಸ್ತಕಗಳನ್ನು ಎದುರೆದುರು ಇಟ್ಟು ನೋಡಬಹುದು. ಯಾರದೋ ಗಿಡ ಸತ್ತಿದ್ದರೆ ನಾಚಬೇಕಾಗಿಲ್ಲ. ಏಕೆ ಸತ್ತಿತು ಎಂಬ ಲೆಕ್ಕ ಉಳಿದ ಮೂವರಿಗೂ ಉಪಯೋಗಕ್ಕೆ ಬರುತ್ತದೆ.

ತಂದೆ ತಾಯಿಯರಿಗೆ

ಮುಳ್ಳಿನ ಗಿಡ ಮನೆಯೊಳಗೆ ಬೇಡ ಎನ್ನುವ ಹಿರಿಯರಿದ್ದರೆ ಅವರೊಡನೆ ವಾದ ಬೇಡ. ಮಹಡಿಯ ಮೇಲೋ ಹಿತ್ತಿಲಲ್ಲೋ ಜಾಗ ಕೊಟ್ಟರಾಯಿತು. ಓದಿಗೆ ಅಡ್ಡಿಯಾದೀತೆಂಬ ಭಯವೂ ಬೇಡ. ವಾರಕ್ಕೆ ಒಂದು ಗಂಟೆ ಸಾಕಾಗುವ ಹವ್ಯಾಸ ಇದು. ಎಚ್ಚರ ಬೇಕಾದದ್ದು ಬೇರೆ ಕಡೆ. ಬೇಲಿಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಬಹಳ ಅಪಾಯ. ಬಿದ್ದರೆ ಕೂಡಲೇ ನೀರಿನಿಂದ ಚೆನ್ನಾಗಿ ತೊಳೆದು ವೈದ್ಯರ ಬಳಿ ಹೋಗಬೇಕು. ಚಿಕ್ಕ ಮಕ್ಕಳಿರುವ ಮನೆಗೆ ಆ ಗಿಡ ಬೇಡವೇ ಬೇಡ.

ಹಣದ ವಿಷಯದಲ್ಲೂ ಒಂದು ಮಾತು. ನರ್ಸರಿಯಲ್ಲಿ ಹಸಿರು ಕಂಬದ ಮೇಲೆ ಕೆಂಪು ಚೆಂಡು ಕೂರಿಸಿದಂಥ ಕಳ್ಳಿ ಕಂಡರೆ ಮಕ್ಕಳು ಹಟ ಮಾಡುತ್ತಾರೆ. ಆ ಚೆಂಡಿಗೆ ಸ್ವಂತ ಪತ್ರಹರಿತ್ತು ಇಲ್ಲ. ಡ್ರ್ಯಾಗನ್ ಹಣ್ಣಿನ ಕುಲದ ಕಳ್ಳಿಯ ಮೇಲೆ ಕಸಿ ಮಾಡಿ ಬದುಕಿಸಿರುತ್ತಾರೆ. ಕೆಲವು ವರ್ಷಗಳಿಗೇ ಅದರ ಆಯುಸ್ಸು ಮುಗಿಯುವುದುಂಟು. ತಿಳಿದು ಕೊಂಡರೆ ಬೇಸರವಿಲ್ಲ.

ಕೊನೆಯದಾಗಿ, ಗಿಡ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಈಗ ಹೊಸ ತೂಕ ಬಂದಿದೆ. 2015ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯೊಂದರ ಪ್ರಕಾರ ಕ್ಯಾಕ್ಟಸ್ ಜಾತಿಗಳಲ್ಲಿ ಶೇಕಡ 31ರಷ್ಟು ಅಳಿವಿನ ಅಂಚಿಗೆ ಸರಿಯುತ್ತಿವೆ. ಸಂಗ್ರಹದ ಹುಚ್ಚಿಗೆ ಕಾಡಿನಿಂದ ಗಿಡ ಕೀಳುವುದು ಅದಕ್ಕೆ ಒಂದು ಮುಖ್ಯ ಕಾರಣ. ವಿದೇಶದಿಂದ ಗಿಡ, ಬೀಜ ತರಿಸಲು ನಮ್ಮ ದೇಶದಲ್ಲಿ ಅನುಮತಿ ಪತ್ರ, ಆರೋಗ್ಯ ಪ್ರಮಾಣಪತ್ರಗಳ ನಿಯಮವಿದೆ. ನೀಲ್ಸನ್‌ನ ಹುಳುವಿನ ಕಥೆ ಓದಿದವರಿಗೆ ಆ ನಿಯಮ ಏಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಶ್ರವಣಬೆಳಗೊಳದ ಬಂಡೆಯ ಬಿರುಕಿನಲ್ಲಿ ಯಾವುದೋ ಅಪರೂಪದ ರಸಭರಿತ ಗಿಡ ಕಂಡರೆ ಅದನ್ನು ಕೀಳದೆ, ಚಿತ್ರ ಬರೆದುಕೊಂಡು ಬರಲಿ.

ಮುಂದಿನ ಮಳೆಗಾಲದಲ್ಲಿ ಬ್ರಹ್ಮಕಮಲ ಅರಳಿದಾಗ ಯಾರಾದರೂ ಒಂದು ಎಲೆ ಕೇಳಿಯೇ ಕೇಳುತ್ತಾರೆ. ಕೊಡುವಾಗ ಅದರ ಜೊತೆ ಒಂದು ಚೀಟಿಯನ್ನೂ ಕೊಡುವ ಕೆಲಸ ಆ ಮನೆಯ ವಿದ್ಯಾರ್ಥಿಯದಾಗಲಿ.